ಕಪ್ಪು ಡಯಲ್ ಕಂದಾದ ಒಮೆಗಾ ಸ್ಪೀಡ್‌ಮಾಸ್ಟರ್: ಕೊಳ್ಳುವ ಮುನ್ನ ಪರೀಕ್ಷೆ, ಕೊಂಡ ಮೇಲೆ ಜೋಪಾನ

ಅರವತ್ತರ ದಶಕದ ಕೆಲವು ಕೈಗಡಿಯಾರಗಳ ಕಪ್ಪು ಡಯಲ್ ಬಿಸಿಲು, ಶಾಖ, ತೇವ ಕುಡಿದು ಕಂದಾಗಿದೆ. ಹಳೆಯ ಗಡಿಯಾರ ಕೂಡಿಡುವವರು ಇದನ್ನು ‘ಟ್ರಾಪಿಕಲ್ ಡಯಲ್’ ಎನ್ನುತ್ತಾರೆ. ತಯಾರಿಸಿದವರ ಲೆಕ್ಕದಲ್ಲಿ ಇದು ಶುದ್ಧ ದೋಷ. ಬಣ್ಣ ನಿಲ್ಲಲಿಲ್ಲ, ಅಷ್ಟೇ. ಮಾರುಕಟ್ಟೆ ಮಾತ್ರ ಈ ದೋಷಕ್ಕೆ ಒಳ್ಳೆಯ ಕಪ್ಪು ಡಯಲ್‌ಗಿಂತ ಹೆಚ್ಚು ದುಡ್ಡು ಕೊಡುತ್ತದೆ. ಹಾಗಾಗಿ ಓವನ್‌ನಲ್ಲಿ ಬೇಯಿಸಿದ, ರಾಸಾಯನಿಕ ಬಳಿದ, ಹೊಸದಾಗಿ ಕಂದು ಬಣ್ಣದಲ್ಲೇ ಅಚ್ಚು ಹಾಕಿದ ಡಯಲ್‌ಗಳೂ ಮಾರಾಟಕ್ಕೆ ಬರುತ್ತವೆ.

ಉದಾಹರಣೆಗೆ ಒಂದೇ ಮಾದರಿಯನ್ನು ಹಿಡಿಯೋಣ: ಒಮೆಗಾ ಸ್ಪೀಡ್‌ಮಾಸ್ಟರ್ 145.022-69. ಕೈಯಿಂದ ಕೀ ಕೊಡುವ ಕ್ರೋನೊಗ್ರಾಫ್ (ಸ್ಟಾಪ್‌ವಾಚ್ ಸಹ ಇರುವ ಗಡಿಯಾರ), ಒಳಗೆ ಕ್ಯಾಲಿಬರ್ 861 ಎಂಬ ಮಷೀನು. ಕಂದಾದ ಡಯಲ್ ಈ ಮಾದರಿಯಲ್ಲಿ ಸಾಕಷ್ಟು ಸಿಗುತ್ತದೆ, ಬಿಡಿಭಾಗಗಳ ವಿವರವೂ ಚೆನ್ನಾಗಿ ದಾಖಲಾಗಿದೆ. ಕಲಿಯಲು ಇದಕ್ಕಿಂತ ಒಳ್ಳೆಯದು ಕಷ್ಟ. ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು: ಬಣ್ಣವನ್ನು ಕೊನೆಗೆ ನೋಡಿ. ಮೊದಲು ಬಣ್ಣ ನೋಡಿದವರು ಉಳಿದದ್ದನ್ನೆಲ್ಲ ಆ ಬಣ್ಣಕ್ಕೆ ಹೊಂದಿಸಿಕೊಂಡು ನೋಡುತ್ತಾರೆ.

ಕಂದಾಗುವುದು ಏಕೆ, ಹಾಳಾಗುವುದು ಏಕೆ

ಡಯಲ್ ಎಂದರೆ ತೆಳ್ಳಗಿನ ಹಿತ್ತಾಳೆ ತಟ್ಟೆ. ಅದರ ಮೇಲೆ ಕಪ್ಪು ಪದರ, ಕಪ್ಪಿನ ಮೇಲೆ ಬಿಳಿ ಮುದ್ರಣ, ಗಂಟೆಯ ಗೆರೆಗಳ ಮೇಲೆ ಟ್ರಿಟಿಯಂ ಎಂಬ ವಿಕಿರಣವಸ್ತು ಬೆರೆಸಿದ ಹೊಳೆಯುವ ಲೇಪ. ಸೂರ್ಯನ ನೇರಳಾತೀತ ಕಿರಣ ಮತ್ತು ಶಾಖ ಕಪ್ಪು ಪದರದ ವರ್ಣದ್ರವ್ಯವನ್ನು ನಿಧಾನವಾಗಿ ಒಡೆಯುತ್ತವೆ. ಕಪ್ಪು ಹೋಗಿ ಕಂದು ಉಳಿಯುತ್ತದೆ. ಒಂದೇ ವರ್ಷದ ಎರಡು ಡಯಲ್‌ಗಳಲ್ಲಿ ಒಂದು ಕಂದಾಗಿ ಇನ್ನೊಂದು ಕಪ್ಪಾಗಿಯೇ ಉಳಿಯುವುದಕ್ಕೆ ಬಣ್ಣದ ಬ್ಯಾಚ್ ಒಂದು ಕಾರಣ, ಗಡಿಯಾರ ಕಳೆದ ಬದುಕು ಇನ್ನೊಂದು. ಗಾಜು ಇಲ್ಲಿ ಹೆಸಲೈಟ್, ಅಂದರೆ ಅಕ್ರಿಲಿಕ್ ಪ್ಲಾಸ್ಟಿಕ್. ಕಿರಣಗಳಿಗೆ ದೊಡ್ಡ ತಡೆಯೇನಲ್ಲ.

ಕಂದಾಗುವುದು ಬೇರೆ, ಕೊಳೆಯುವುದು ಬೇರೆ. ಬಣ್ಣ ಬದಲಾದರೂ ಮೇಲ್ಮೈ ನಯವಾಗಿ, ಅಕ್ಷರ ಚೂಪಾಗಿ ಉಳಿದಿದ್ದರೆ ಅದು ಟ್ರಾಪಿಕಲ್. ವಾರ್ನಿಷ್ ಗುಳ್ಳೆ ಎದ್ದಿದ್ದರೆ, ಬೂದುಬಣ್ಣದ ಬೂಷ್ಟಿನ ಚುಕ್ಕೆಗಳಿದ್ದರೆ, 2, 3, 4 ಗಂಟೆಗಳ ಕಡೆಯಿಂದ ಕಲೆ ಒಳಕ್ಕೆ ಹರಡಿದ್ದರೆ ಅದು ನೀರು ಹೊಕ್ಕ ಗುರುತು. ಆ ಮೂರು ಜಾಗಗಳಲ್ಲೇ ಪುಶರ್‌ಗಳೂ (ಕ್ರೋನೊಗ್ರಾಫ್ ಓಡಿಸುವ ಒತ್ತುಗುಂಡಿಗಳು) ಕೀ ಗುಂಡಿಯೂ ಇರುವುದು. ಮಾರುವವರು ಎರಡನ್ನೂ ‘ಪಾಟಿನಾ’, ಅಂದರೆ ವಯಸ್ಸಿನ ಛಾಯೆ, ಎಂದೇ ಕರೆಯುತ್ತಾರೆ.

ಬೇಕಾಗುವ ಸಾಮಾನು

10 ಪಟ್ಟು ಹಿಗ್ಗಿಸುವ ಲೂಪ್ (ರಿಪೇರಿ ಅಂಗಡಿಯಲ್ಲಿ ಐಗ್ಲಾಸ್ ಎನ್ನುವುದು ಇದನ್ನೇ), 365 ನ್ಯಾನೊಮೀಟರ್‌ನ ನೇರಳಾತೀತ ಟಾರ್ಚ್, ಒಂದು ಬಿಳಿ ಹಾಳೆ, ಫೋನ್ ಕ್ಯಾಮೆರಾ. ಮುಚ್ಚಳ ತೆಗೆಯಲು ಮೂರು ಹಿಡಿಗಳ ಓಪನರ್, ಬೆರಳಿಗೆ ತೊಡಿಸುವ ರಬ್ಬರ್ ಟೊಪ್ಪಿಗಳು, ಗಾಳಿ ಊದುವ ರಬ್ಬರ್ ಬುರುಡೆ. ಟೈಮ್‌ಗ್ರಾಫರ್ (ಗಡಿಯಾರದ ಬಡಿತ ಅಳೆಯುವ ಯಂತ್ರ) ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಅದು ಇರುವ ರಿಪೇರಿಯವರ ಅಂಗಡಿಯಲ್ಲಿ ಭೇಟಿಯಾಗಿ. ಟಾರ್ಚ್ 395 ನ್ಯಾನೊಮೀಟರ್‌ನದಾದರೆ ನೇರಳೆ ಬೆಳಕೇ ಕಣ್ಣಿಗೆ ರಾಚುತ್ತದೆ, ಲೇಪದ ನಿಜವಾದ ಹೊಳಪು ತಿಳಿಯುವುದಿಲ್ಲ. ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಹಂತ 1: ಫೋಟೊದಲ್ಲೇ ಅರ್ಧ ಸೋಸಿ

ಟ್ರಾಪಿಕಲ್ ಡಯಲ್ ಬಹುಪಾಲು ಟ್ಯೂಬ್‌ಲೈಟ್ ಕೆಳಗೆ ಕಪ್ಪಾಗಿ, ನೇರ ಬಿಸಿಲಲ್ಲಿ ಹುರಿದ ಕಾಫಿಬೀಜದ ಬಣ್ಣದಲ್ಲಿ ಕಾಣುತ್ತದೆ. ಮಾರುವವರು ಬಿಸಿಲಿನ ಫೋಟೊ ಮಾತ್ರ ಹಾಕುತ್ತಾರೆ, ಅದರ ಮೇಲೆ ಬಣ್ಣದ ಗಾಢತೆಯನ್ನೂ ಸ್ವಲ್ಪ ಏರಿಸಿರುತ್ತಾರೆ. ಕೇಳಬೇಕಾದ ಚಿತ್ರಗಳಿವು:

– ಕಿಟಕಿ ಪಕ್ಕದ ನೆರಳಿನಲ್ಲಿ, ಬಿಳಿ ಹಾಳೆಯ ಮೇಲಿಟ್ಟು, ಪಕ್ಕದಲ್ಲಿ ಅಪ್ಪಟ ಕಪ್ಪು ವಸ್ತು ಏನಾದರೂ ಇಟ್ಟು ತೆಗೆದದ್ದು
– ಅದೇ ಕೋನದಿಂದ ನೇರ ಬಿಸಿಲಿನಲ್ಲಿ
– ಡಯಲ್‌ನ ಕೆಳಗಿನ ಅಂಚು, 6 ಗಂಟೆಯ ಸುತ್ತಿನ ಅಕ್ಷರ ಓದುವಷ್ಟು ಹತ್ತಿರದಿಂದ
– ಕ್ರೋನೊಗ್ರಾಫ್ ಓಡುತ್ತಿರುವಾಗ ತೆಗೆದ ಒಂದು ಚಿತ್ರ
– ಮುಚ್ಚಳದ ಒಳಮೈ
– ಮಷೀನು, ಸೀರಿಯಲ್ ನಂಬರ್ ಸ್ಪಷ್ಟವಾಗಿ ಕಾಣುವಂತೆ

ಬಿಳಿ ಹಾಳೆ ಫೋಟೊದಲ್ಲಿ ಹಳದಿಯಾಗಿ ಕಂಡರೆ ಡಯಲ್‌ನ ಕಂದಿನಲ್ಲೂ ಅಷ್ಟು ಹಳದಿ ಕ್ಯಾಮೆರಾದ್ದು ಎಂದು ಕಳೆದುಬಿಡಿ. ಮುಚ್ಚಳ ತೆಗೆದು ತೋರಿಸಲು ಒಲ್ಲದವರ ಗಡಿಯಾರವನ್ನು ಅಲ್ಲಿಗೇ ಬಿಡಬಹುದು. ಈ ಬೆಲೆಯ ವಸ್ತುವಿಗೆ ಅದು ಅತಿಯಾದ ಬೇಡಿಕೆಯಲ್ಲ.

ಹಂತ 2: ಮುಚ್ಚಳ ತೆಗೆದು ಮಷೀನು ನೋಡಿ

ಡಯಲ್ ಕಡೆಗೆ ಹೋಗುವ ಮೊದಲು ಗಡಿಯಾರ ತನ್ನ ಹೆಸರಿಗೆ ತಕ್ಕುದೇ ಎಂದು ಖಚಿತವಾಗಬೇಕು. ಮುಚ್ಚಳ ತಿರುಪಿನದು, ಓಪನರ್‌ನ ಮೂರು ಹಿಡಿಗಳು ಅಂಚಿನ ಕಚ್ಚುಗಳಲ್ಲಿ ಸರಿಯಾಗಿ ಕೂತ ಮೇಲಷ್ಟೇ ಎಡಕ್ಕೆ ತಿರುಗಿಸಿ. ಹಳೆಯ ಗ್ಯಾಸ್ಕೆಟ್ ಕರಗಿ ಡಾಂಬರಿನಂತಾಗಿ ಅಂಟಿಕೊಂಡಿರುವುದುಂಟು. ಬಲ ಹಾಕಿ ತಿರುಗಿಸಿದರೆ ಓಪನರ್ ಜಾರಿ ಮುಚ್ಚಳದ ಮೇಲೆ ಗೀರು ಬೀಳುತ್ತದೆ, ಕಚ್ಚುಗಳ ಅಂಚೂ ಹೋಗುತ್ತದೆ. ಮುಚ್ಚಳದ ಕೆಳಗೆ ಇನ್ನೊಂದು ಒಳಮುಚ್ಚಳವಿದೆ, ಕಾಂತದಿಂದ ಕಾಪಾಡುವುದು. ಅದು ಇಲ್ಲದಿದ್ದರೆ ಯಾರೋ ಕಳೆದಿದ್ದಾರೆ, ಬೆಲೆಯಲ್ಲಿ ಹಿಡಿಯಿರಿ.

ಹೊರಮುಚ್ಚಳದ ಒಳಮೈಯಲ್ಲಿ 145.022-69 ಎಂದು ಒತ್ತಿರಬೇಕು. ಮಷೀನು ತಾಮ್ರದ ಬಣ್ಣದ್ದು, ಸೇತುವೆಯ (ಚಕ್ರಗಳನ್ನು ಹಿಡಿದಿಡುವ ಲೋಹದ ಪಟ್ಟಿ) ಮೇಲೆ 861, 17 ಜ್ಯುವೆಲ್, ಎಂಟಂಕಿಯ ಸೀರಿಯಲ್. ಈ ಮಾದರಿಗೆ ಹೊಂದುವ ಸೀರಿಯಲ್‌ಗಳು ಸುಮಾರು 2.9 ಕೋಟಿಯಿಂದ 3.2 ಕೋಟಿಯ ಆಸುಪಾಸಿನಲ್ಲಿರುತ್ತವೆ. ಬೆಳ್ಳಿಬಣ್ಣದ ಮಷೀನು ಕಂಡರೆ ಅದು ತೊಂಬತ್ತರ ದಶಕದ್ದು ಇಲ್ಲವೇ ಅದರ ನಂತರದ್ದು, ಬದಲಾಯಿಸಿದ್ದು. ಕಾಲಮ್ ಚಕ್ರ (ಕ್ರೋನೊಗ್ರಾಫ್ ನಿಯಂತ್ರಿಸುವ, ಕಂಬಗಳಂಥ ಹಲ್ಲಿನ ಚಕ್ರ) ಕಂಡರೆ ಅದು ಹಿಂದಿನ ಕ್ಯಾಲಿಬರ್ 321. ಬೆಲೆಬಾಳುವುದೇ ಆದರೂ ಈ ಕೇಸಿನದಲ್ಲ. ಮೊದಲ ವರ್ಷಗಳ 861ರಲ್ಲಿ ಕ್ರೋನೊಗ್ರಾಫ್‌ನ ಬ್ರೇಕ್ ಲೋಹದ್ದು. ಬಿಳಿ ಡೆಲ್ರಿನ್ ಪ್ಲಾಸ್ಟಿಕ್ ಬ್ರೇಕ್ ಇದ್ದರೆ ಸರ್ವಿಸ್‌ನಲ್ಲಿ ಹಾಕಿದ್ದು. ಓಟಕ್ಕೆ ತೊಂದರೆಯಿಲ್ಲ, ಗುರುತು ಹಾಕಿಕೊಂಡರೆ ಸಾಕು.

ಟೈಮ್‌ಗ್ರಾಫರ್‌ನಲ್ಲಿ ಗಂಟೆಗೆ 21,600 ಬಡಿತ, ಲಿಫ್ಟ್ ಆ್ಯಂಗಲ್ 50 ಡಿಗ್ರಿ ಇಟ್ಟು, ಪೂರ್ತಿ ಕೀ ಕೊಟ್ಟು, ಡಯಲ್ ಮೇಲೆ ಮಾಡಿ ಅಳೆಯಿರಿ. ಬ್ಯಾಲೆನ್ಸ್ ಚಕ್ರದ ತೂಗು 270 ಡಿಗ್ರಿಗಿಂತ ಹೆಚ್ಚಿದ್ದರೆ ಸರ್ವಿಸ್ ಆಗಿದೆ. 220ಕ್ಕಿಂತ ಕೆಳಗಿದ್ದರೆ ಎಣ್ಣೆ ಒಣಗಿದೆ, ಆ ಖರ್ಚನ್ನು ಬೆಲೆಗೆ ಕೂಡಿಸಿ. ಕ್ರೋನೊಗ್ರಾಫ್ ಓಡಿಸಿದಾಗ ತೂಗು ಸ್ವಲ್ಪ ಇಳಿಯುವುದು ಸಹಜ. ಆಮೇಲೆ ಕ್ರೋನೊಗ್ರಾಫ್ ನಿಲ್ಲಿಸಿ ಒಂದೆರಡು ತಾಸು ಬಿಡಿ. 6ರ ಬಳಿಯ ಸಣ್ಣ ಡಯಲ್‌ನ ಗಂಟೆ ಎಣಿಸುವ ಮುಳ್ಳು ತಾನೇ ತೆವಳುತ್ತಿದ್ದರೆ ಅದು ಈ ಮಷೀನಿನಲ್ಲಿ ಆಗಾಗ ಕಾಣುವ ರೋಗ. ಗಂಟೆ ಎಣಿಕೆಯ ಚಕ್ರ ಮುಖ್ಯ ಬ್ಯಾರಲ್‌ನಿಂದಲೇ (ಮುಖ್ಯ ಸ್ಪ್ರಿಂಗ್ ಇರುವ ಡಬ್ಬಿ) ತಿರುಗುವುದರಿಂದ, ಅದನ್ನು ತಡೆಹಿಡಿಯುವ ಭಾಗ ಸವೆದರೆ ಹೀಗಾಗುತ್ತದೆ. ಸರಿಪಡಿಸಬಹುದು, ಆದರೆ ಅದಕ್ಕೆ ಮುಳ್ಳೂ ಡಯಲ್ಲೂ ಬಿಚ್ಚಲೇಬೇಕು. ಕಂದು ಡಯಲ್‌ನ ಮಟ್ಟಿಗೆ ಅದು ಸಣ್ಣ ಮಾತಲ್ಲ.

ಹಂತ 3: ಮುದ್ರಣ

ಈಗ ಲೂಪ್ ಹಾಕಿ. 145.022-69ರಲ್ಲಿ ಒಮೆಗಾ ಚಿಹ್ನೆ ಅಚ್ಚು ಹಾಕಿದ್ದು. ಲೋಹದ ಚಿಹ್ನೆ ಅಂಟಿಸಿದ ಡಯಲ್ ಅದಕ್ಕೂ ಹಿಂದಿನ ಮಾದರಿಗಳದು. ಡಯಲ್ ಒಂದೇ ಮಟ್ಟದಲ್ಲಿಲ್ಲ: ಹೊರಗಿನ ನಿಮಿಷದ ಪಟ್ಟಿ ನಡುಭಾಗಕ್ಕಿಂತ ಒಂದು ಮೆಟ್ಟಿಲು ಕೆಳಗಿದೆ. ಗಂಟೆಯ ಗೆರೆಗಳ ಲೇಪ ಉದ್ದವಾಗಿ ನಿಮಿಷದ ಪಟ್ಟಿಯವರೆಗೂ ಚಾಚುತ್ತದೆ. ಗಿಡ್ಡ ಗೆರೆ ಇದ್ದರೆ ಎಪ್ಪತ್ತರ ದಶಕದ ಅಥವಾ ಆಮೇಲಿನ ಡಯಲ್. 6ರ ಕೆಳಗೆ ‘ಟಿ ಸ್ವಿಸ್ ಮೇಡ್ ಟಿ’ ಎಂಬ ಅರ್ಥದ ರೋಮನ್ ಅಕ್ಷರಗಳಿರಬೇಕು. ಎರಡು ಬದಿಯ ಟಿ ಎಂದರೆ ಟ್ರಿಟಿಯಂ. ಟಿ ಇಲ್ಲದಿದ್ದರೆ ಅದು ಬಹುಶಃ 1998ರ ಈಚೆಗಿನ ಸೂಪರ್‌ಲುಮಿನೋವಾ (ವಿಕಿರಣವಿಲ್ಲದ ಹೊಳೆಯುವ ಲೇಪ) ಇರುವ, ಸರ್ವಿಸ್‌ನಲ್ಲಿ ಹಾಕಿದ ಡಯಲ್. ಅಂಥದ್ದು ಕಂದಾಗಿದೆ ಎಂದರೆ ಯಾರೋ ಕಂದಾಗಿಸಿದ್ದಾರೆ.

ನಿಮಿಷದ ಪಟ್ಟಿಯ ಮೇಲೆ ಸ್ವಲ್ಪ ಹೊತ್ತು ಕಳೆಯಿರಿ. ಎರಡು ಸೆಕೆಂಡ್ ಗೆರೆಗಳ ನಡುವೆ ನಾಲ್ಕು ಕೂದಲೆಳೆಯ ಗೆರೆಗಳು, ಒಟ್ಟು 240. ಮೂಲ ಡಯಲ್‌ನಲ್ಲಿ ಪ್ರತಿಯೊಂದೂ ಬೇರೆ ಬೇರೆ ನಿಂತಿರುತ್ತದೆ, ತುದಿ ಚೌಕಾಗಿರುತ್ತದೆ. ಮತ್ತೆ ಬಣ್ಣ ಬಳಿದು ಅಚ್ಚು ಹಾಕಿದ ಡಯಲ್‌ನಲ್ಲಿ, ಅಂದರೆ ರೀಡಯಲ್‌ನಲ್ಲಿ, ಗೆರೆಗಳು ದಪ್ಪವಾಗಿ ಒಂದನ್ನೊಂದು ಮುಟ್ಟುತ್ತವೆ, ಕೆಲವೆಡೆ ಶಾಯಿ ಹರಡಿರುತ್ತದೆ. ಮೂರು ಸಣ್ಣ ಡಯಲ್‌ಗಳಲ್ಲಿ ಗ್ರಾಮಫೋನ್ ತಟ್ಟೆಯ ಹಾಗೆ ಸುತ್ತುಗೆರೆಗಳಿವೆ. ಬಣ್ಣ ಬಳಿದಿದ್ದರೆ ಆ ಗೆರೆಗಳ ತಗ್ಗು ತುಂಬಿ ಮಂಕಾಗುತ್ತದೆ.

ಕಣ್ಣು ಪಳಗಿಸಲು ದುಬಾರಿ ಗಡಿಯಾರ ಬೇಕಿಲ್ಲ. ಭಾರತದ ಹಳೆಯ ಗಡಿಯಾರ ಮಾರುಕಟ್ಟೆ ರೀಡಯಲ್‌ಗಳಿಂದಲೇ ತುಂಬಿದೆ: ಎಚ್‌ಎಂಟಿ, ಫಾವ್ರ್ ಲೂಬಾ, ವೆಸ್ಟ್ ಎಂಡ್. ಬೆಂಗಳೂರಿನ ಎಚ್‌ಎಂಟಿ ಪೈಲಟ್‌ನ ಮೂಲ ಕಪ್ಪು ಡಯಲ್ ಒಂದನ್ನೂ ರೀಡಯಲ್ ಒಂದನ್ನೂ ಅಕ್ಕಪಕ್ಕ ಇಟ್ಟು ಲೂಪ್‌ನಲ್ಲಿ ಒಂದು ಸಂಜೆ ನೋಡಿದರೆ, ಶಾಯಿಯ ಅಂಚು ಹೇಗಿರಬೇಕು ಎಂಬುದು ಯಾವ ಲೇಖನಕ್ಕಿಂತ ಚೆನ್ನಾಗಿ ತಲೆಗೆ ಹತ್ತುತ್ತದೆ.

ಹಂತ 4: ಹೊಳೆಯುವ ಲೇಪ

ಕತ್ತಲ ಕೋಣೆಯಲ್ಲಿ ನೇರಳಾತೀತ ಟಾರ್ಚನ್ನು ಹತ್ತು ಸೆಕೆಂಡ್ ಹಿಡಿದು ಆರಿಸಿ. ಹಳೆಯ ಟ್ರಿಟಿಯಂ ಲೇಪ ಟಾರ್ಚ್ ಕೆಳಗೆ ಹೊಳೆದು, ಆರಿಸಿದ ಕೂಡಲೇ ಬೇಗ ಮಂಕಾಗುತ್ತದೆ. ನಿಮಿಷಗಟ್ಟಲೆ ಹಸಿರಾಗಿ ಉರಿಯುತ್ತಿದ್ದರೆ ಅದು ಹೊಸ ಲೇಪ. ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ, 1969ರದ್ದರಲ್ಲಿ ಇಂದು ಉಳಿದಿರುವುದು ನೂರಕ್ಕೆ ಐದು ಪಾಲಿಗೂ ಕಡಿಮೆ. ಆದ್ದರಿಂದ ರಾತ್ರಿಯಲ್ಲಿ ತಾನಾಗಿ ಹೊಳೆಯುವ ‘ಮೂಲ’ ಡಯಲ್ ಅನುಮಾನಕ್ಕೆ ಅರ್ಹ.

ಡಯಲ್‌ನ ಲೇಪ ಮತ್ತು ಮುಳ್ಳಿನ ಲೇಪ ಒಂದೇ ಕುಟುಂಬದ ಬಣ್ಣದಲ್ಲಿರಬೇಕು, ಒಂದೇ ಬಣ್ಣದಲ್ಲಿ ಇರಬೇಕೆಂದಿಲ್ಲ. ಟಾರ್ಚ್ ಕೆಳಗೆ ಡಯಲ್ ಒಂದು ರೀತಿ, ಮುಳ್ಳು ಇನ್ನೊಂದು ರೀತಿ ವರ್ತಿಸಿದರೆ ಮುಳ್ಳು ಬದಲಾಗಿದೆ. ಇದು ದೊಡ್ಡ ಪಾಪವಲ್ಲ, ಬೆಲೆಗೆ ಸಂಬಂಧಿಸಿದ ವಿಷಯ.

ಸ್ಪೀಡ್‌ಮಾಸ್ಟರ್‌ನ ಮೊದಲ ಮಾದರಿಗಳಲ್ಲಿ (1957ರ 2915, ಅದರ ನಂತರದ 2998ರ ಆರಂಭದವು) ರೇಡಿಯಂ ಇತ್ತು. ರೇಡಿಯಂ ಆದರೆ ವಿಕಿರಣ ಅಳೆಯುವ ಗೈಗರ್ ಕೌಂಟರ್ ಗಾಜಿನ ಹೊರಗಿನಿಂದಲೇ ಸದ್ದು ಮಾಡುತ್ತದೆ. ಟ್ರಿಟಿಯಂನ ದುರ್ಬಲ ಕಿರಣ ಗಾಜು ದಾಟುವುದಿಲ್ಲ. ರೇಡಿಯಂನ ಅರ್ಧಾಯುಷ್ಯ ಸುಮಾರು 1,600 ವರ್ಷ. ಹೊಳಪು ಸತ್ತಿದ್ದರೂ ವಿಕಿರಣ ಹಾಗೇ ಇದೆ. ಅಂಥ ಡಯಲನ್ನು ಮನೆಯಲ್ಲಿ ಬಿಚ್ಚಲೇಬೇಡಿ. ಉದುರಿದ ಪುಡಿ ಉಸಿರಿನೊಡನೆ ಒಳಹೋಗುವುದೇ ಅಪಾಯ.

ಹಂತ 5: ಈಗ ಬಣ್ಣ

ಬಿಸಿಲಿಗೆ ಕಂದಾದ ಡಯಲ್‌ನಲ್ಲಿ ಬೆಳಕು ತಾಗಿದ ಜಾಗಕ್ಕೂ ತಾಗದ ಜಾಗಕ್ಕೂ ವ್ಯತ್ಯಾಸ ಇರಬೇಕು. ನಕಲಿ ಹಿಡಿಯುವ ಉಪಾಯಗಳೆಲ್ಲ ಇದರ ಮೇಲೆಯೇ ನಿಂತಿವೆ.

ಕ್ರೋನೊಗ್ರಾಫ್‌ನ ಉದ್ದನೆಯ ಸೆಕೆಂಡ್ ಮುಳ್ಳು ಓಡದಿದ್ದಾಗ 12ರ ಮೇಲೇ ನಿಂತಿರುತ್ತದೆ, ವರ್ಷಾನುಗಟ್ಟಲೆ. 3 ಮತ್ತು 6ರ ಬಳಿಯ ಎಣಿಕೆ ಮುಳ್ಳುಗಳೂ ಹಾಗೇ. ಪುಶರ್ ಒತ್ತಿ ಮುಳ್ಳನ್ನು ಹದಿನೈದು ಸೆಕೆಂಡ್ ಮುಂದೆ ಕಳಿಸಿ ನಿಲ್ಲಿಸಿ, ಅದು ಮೊದಲು ನಿಂತಿದ್ದ ಜಾಗಕ್ಕೆ ಲೂಪ್ ಹಿಡಿಯಿರಿ. ಕೆಲವು ಡಯಲ್‌ಗಳಲ್ಲಿ ಅಲ್ಲಿ ಪೆನ್ಸಿಲ್‌ನಲ್ಲಿ ಎಳೆದಷ್ಟು ತೆಳುವಾದ ಕಪ್ಪು ನೆರಳು ಉಳಿದಿರುತ್ತದೆ, ಅಂಚು ಮೆತ್ತಗೆ ಕರಗಿದಂತೆ. 9ರ ಬಳಿಯ ಮುಳ್ಳು ಸದಾ ಸುತ್ತುವುದರಿಂದ ಅಲ್ಲಿ ಇಂಥ ನೆರಳು ಇರುವುದಿಲ್ಲ. ಮೂರು ಕಡೆ ನೆರಳು, ನಾಲ್ಕನೆಯ ಕಡೆ ಇಲ್ಲ ಎಂದಾದರೆ ಅದು ತುಂಬ ಒಳ್ಳೆಯ ಸಾಕ್ಷಿ. ಓವನ್‌ಗೆ ಇಂಥ ಕೆಲಸ ಬರುವುದಿಲ್ಲ. ನೆರಳಿಲ್ಲದಿದ್ದರೆ ನಕಲಿ ಎಂದಲ್ಲ: ಗಡಿಯಾರ ತುಂಬ ಬಳಕೆಯಾಗಿದ್ದರೆ, ಬೆಳಕು ಓರೆಯಾಗಿ ನುಗ್ಗಿದ್ದರೆ ನೆರಳು ಮೂಡುವುದೇ ಇಲ್ಲ.

ಎರಡನೆಯದು ಅಂಚು. ಗಾಜಿನೊಳಗಿನ ಲೋಹದ ಉಂಗುರ ಡಯಲ್‌ನ ಕಟ್ಟಕಡೆಯ ಅಂಚನ್ನು ಮುಚ್ಚಿರುತ್ತದೆ. ಡಯಲ್ ಹೊರಗೆ ತೆಗೆದಾಗ ಅಲ್ಲಿ ಸಣ್ಣ ಕಪ್ಪು ಬಳೆ ಉಳಿದಿರುವುದನ್ನು ನಿರೀಕ್ಷಿಸಬಹುದು. ಅಂಚಿನವರೆಗೂ ಒಂದೇ ಕಂದು ಇದ್ದರೆ ಪ್ರಶ್ನೆ ಏಳುತ್ತದೆ, ಯಾಕೆಂದರೆ ಶಾಖಕ್ಕೆ ಮುಚ್ಚಿದ ಜಾಗ, ತೆರೆದ ಜಾಗ ಎಂಬ ಭೇದವಿಲ್ಲ. ಪದರದ ರಸಾಯನವೇ ಕೆಟ್ಟು ಇಡಿಯಾಗಿ ಕಂದಾದ ನಿಜವಾದ ಡಯಲ್‌ಗಳೂ ಇವೆ, ಹಾಗಾಗಿ ಇದೊಂದರ ಮೇಲೆ ತೀರ್ಪು ಬೇಡ.

ಬೇಯಿಸಿದ ಡಯಲ್ ಬೇರೆ ಸುಳಿವುಗಳನ್ನೂ ಬಿಡುತ್ತದೆ. ಬಿಳಿ ಅಕ್ಷರಗಳು ಹಳದಿಗಟ್ಟಿರುತ್ತವೆ. ಟ್ರಿಟಿಯಂ ಲೇಪ ಕೆನೆಬಣ್ಣ ದಾಟಿ ಸುಟ್ಟ ಕಂದಾಗಿ, ಬಿರುಕು ಬಿಟ್ಟಿರುತ್ತದೆ. ಡಯಲ್‌ನ ಹಿಂಬದಿಯ ಹಿತ್ತಾಳೆಯಲ್ಲಿ ಬಿಸಿ ತಾಗಿದ ನೀಲಿ-ನೇರಳೆ ಛಾಯೆ ಕಾಣಬಹುದು. ರಾಸಾಯನಿಕ ಬಳಿದದ್ದರಲ್ಲಿ ಹೊಳಪು ಅಲ್ಲಲ್ಲಿ ಸತ್ತಿರುತ್ತದೆ, ಅಕ್ಷರದ ಅಂಚು ಕೊರೆದಂತಿರುತ್ತದೆ. ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಉಜ್ಜಿ ನೋಡುವ ‘ಪರೀಕ್ಷೆ’ಯನ್ನು ಯಾರಾದರೂ ಸೂಚಿಸಿದರೆ ಅವರ ಕೈಗೆ ಗಡಿಯಾರ ಕೊಡಬೇಡಿ.

ಮೂರನೆಯದು ಬೆಜೆಲ್, ಅಂದರೆ ಗಾಜಿನ ಸುತ್ತಲಿನ ಉಂಗುರ. ಸ್ಪೀಡ್‌ಮಾಸ್ಟರ್‌ನ ಟ್ಯಾಕಿಮೀಟರ್ (ವೇಗ ಲೆಕ್ಕಹಾಕುವ ಅಂಕಿಗಳ) ಉಂಗುರ ಕಪ್ಪು ಬಣ್ಣದ ಅಲ್ಯುಮಿನಿಯಂ. ಬಿಸಿಲಿಗೆ ಅದೂ ಬೂದು ಇಲ್ಲವೇ ನೀಲಿಯಾಗುತ್ತದೆ. ಡಯಲ್ ಗಾಢ ಕಂದಾಗಿದ್ದು ಬೆಜೆಲ್ ಕಾಡಿಗೆಯಷ್ಟು ಕಪ್ಪಾಗಿದ್ದರೆ ಬೆಜೆಲ್ ಹೊಸದು ಅಥವಾ ಡಯಲ್ ಬೇರೆ ಗಡಿಯಾರದ್ದು. ಸುಮಾರು 1970ರವರೆಗಿನ ಬೆಜೆಲ್‌ಗಳಲ್ಲಿ 90ರ ಚುಕ್ಕೆ ಅಂಕಿಯ ತಲೆಯ ಮೇಲಿದೆ, ಆಮೇಲಿನವುಗಳಲ್ಲಿ ಪಕ್ಕದಲ್ಲಿದೆ. ತಲೆಚುಕ್ಕೆಯ ಬೆಜೆಲ್‌ಗೆ ಬೆಲೆ ಹೆಚ್ಚು, ನಕಲಿಯೂ ಹೆಚ್ಚು.

ಇಡೀ ಡಯಲ್ ಒಂದೇ ಹದದ ಚಾಕೊಲೇಟ್ ಬಣ್ಣವಾಗಿ, ಸಣ್ಣ ಡಯಲ್‌ಗಳು ಅರ್ಧ ಛಾಯೆ ಬೇರೆಯಾಗಿರುವುದು ಎಲ್ಲರೂ ಹುಡುಕುವಂಥದ್ದು. ಅರ್ಧ ಕಪ್ಪು, ಅರ್ಧ ಕಂದು, ನಡುವೆ ಮೋಡ ಕವಿದಂತೆ ಇದ್ದರೆ ಬಣ್ಣಕ್ಕಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡುವ ಅಗತ್ಯವಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಹಂತ 6: ಕಾಗದಪತ್ರ

ಒಮೆಗಾ ಕೊಟ್ಟ ಹಳೆಯ ಆರ್ಕೈವ್ ಎಕ್ಸ್‌ಟ್ರಾಕ್ಟ್ ಇದ್ದರೆ ಓದಿ, ಆದರೆ ಅದು ಏನು ಹೇಳುತ್ತದೆ ಎಂಬುದನ್ನು ಮರೆಯಬೇಡಿ: ಈ ನಂಬರಿನ ಮಷೀನು ಇಂಥ ಮಾದರಿಯಲ್ಲಿ ಇಂಥ ದಿನ ಇಂಥ ದೇಶಕ್ಕೆ ಹೋಯಿತು, ಅಷ್ಟೇ. ಇಂದು ಆ ಮಷೀನಿನ ಮೇಲೆ ಕೂತಿರುವ ಡಯಲ್ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ.

ಇದಕ್ಕೆ ದೊಡ್ಡ ಉದಾಹರಣೆ ಸ್ಪೀಡ್‌ಮಾಸ್ಟರ್‌ನದೇ. 2021ರ ನವೆಂಬರ್‌ನಲ್ಲಿ ಜಿನೀವಾದ ಫಿಲಿಪ್ಸ್ ಹರಾಜಿನಲ್ಲಿ ಕಂದು ಡಯಲ್‌ನ 2915-1 ಒಂದು 31 ಲಕ್ಷ ಸ್ವಿಸ್ ಫ್ರಾಂಕ್‌ಗೂ ಮೇಲೆ ಹೋಯಿತು. ಹರಾಜಿನವರ ಅಂದಾಜು ಇದ್ದದ್ದು 80 ಸಾವಿರದಿಂದ 1.2 ಲಕ್ಷ. ಕೊಂಡದ್ದು ಒಮೆಗಾ ಕಂಪನಿಯೇ, ತನ್ನ ಮ್ಯೂಸಿಯಂಗಾಗಿ. 2023ರಲ್ಲಿ ಆ ಗಡಿಯಾರ ಬೇರೆ ಬೇರೆ ಕಡೆಯ ಭಾಗಗಳನ್ನು ಕೂಡಿಸಿ ಕಟ್ಟಿದ್ದೆಂಬುದು ಹೊರಬಿತ್ತು, ತನ್ನ ಮಾಜಿ ನೌಕರರ ಕೈವಾಡವಿದೆ ಎಂದು ಒಮೆಗಾ ಹೇಳಿತು. ಭಾಗಗಳು ಬಹುಮಟ್ಟಿಗೆ ಹಳೆಯವೇ. ಹಾಗಾಗಿ ಪ್ರತಿ ಭಾಗ ಅಸಲಿಯೇ ಎಂದು ಕೇಳಿದರೆ ಸಾಲದು. ಡಯಲ್, ಮುಳ್ಳು, ಬೆಜೆಲ್, ಮಷೀನು ಒಂದೇ ಬದುಕನ್ನು ಬದುಕಿದವೇ ಎಂದು ಕೇಳಬೇಕು.

ಹಂತ 7: ಸರ್ವಿಸ್‌ಗೆ ಕೊಡುವಾಗ

ಐವತ್ತು ವರ್ಷ ಬಿಸಿಲು ಉಳಿಸಿದ ಡಯಲ್ ಹಾಳಾಗುವುದು ಹೆಚ್ಚಾಗಿ ರಿಪೇರಿ ಮೇಜಿನ ಮೇಲೆ. ಕಂಪನಿಗಳ ಸರ್ವಿಸ್ ಕೇಂದ್ರಕ್ಕೆ ಕಂದು ಡಯಲ್ ಎಂದರೆ ಬದಲಾಯಿಸಬೇಕಾದ ಕೆಟ್ಟ ಭಾಗ. ಹೇಳದಿದ್ದರೆ ಹೊಸ ಡಯಲ್, ಹೊಸ ಮುಳ್ಳು, ಪಾಲಿಶ್ ಮಾಡಿದ ಕೇಸ್ ಹಿಡಿದು ಮನೆಗೆ ಬರುತ್ತೀರಿ. ಬಾಯಲ್ಲಿ ಹೇಳಿದರೆ ಸಾಲದು. ರಸೀದಿಯ ಮೇಲೆಯೇ ಬರೆಸಿ: ಡಯಲ್ ಮತ್ತು ಮುಳ್ಳು ಬದಲಿಸಬಾರದು, ಶುಚಿಗೊಳಿಸಬಾರದು, ಹೊಸ ಲೇಪ ಹಾಕಬಾರದು, ಕೇಸ್ ಪಾಲಿಶ್ ಬೇಡ, ತೆಗೆದ ಪ್ರತಿ ಭಾಗವನ್ನೂ ಪೊಟ್ಟಣದಲ್ಲಿ ಹಿಂದಿರುಗಿಸಬೇಕು. ಕೊಡುವ ಮುನ್ನ ಡಯಲ್‌ನ ಹತ್ತಿರದ ಫೋಟೊ ತೆಗೆದಿಟ್ಟುಕೊಳ್ಳಿ.

ಸ್ವತಂತ್ರ ರಿಪೇರಿಯವರಿಗೆ ಕೊಡುತ್ತಿದ್ದರೆ ಕೆಲಸದ ಕ್ರಮ ಹೀಗಿರಬೇಕು. ಮೊದಲು ಕ್ರೋನೊಗ್ರಾಫ್ ಸೊನ್ನೆಗೆ ತಂದು, ಕ್ಲಿಕ್ (ಸ್ಪ್ರಿಂಗ್ ಬಿಚ್ಚಿಕೊಳ್ಳದಂತೆ ತಡೆಯುವ ಕೊಕ್ಕೆ) ಹಿಡಿದು ಮುಖ್ಯ ಸ್ಪ್ರಿಂಗ್‌ನ ಬಲ ನಿಧಾನಕ್ಕೆ ಬಿಡಬೇಕು. ಮುಳ್ಳುಗಳು ಆರು: ಗಂಟೆ, ನಿಮಿಷ, ಕ್ರೋನೊಗ್ರಾಫ್ ಸೆಕೆಂಡ್, ಮತ್ತು ಸಣ್ಣವು ಮೂರು. ಡಯಲ್‌ಗೂ ಮುಳ್ಳು ಮೀಟಿ ತೆಗೆಯುವ ಲಿವರ್‌ಗೂ ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಇರಲೇಬೇಕು. ಕಂದಾದ ಪದರ ಕೆಳಗಿನ ಹಿತ್ತಾಳೆಯ ಹಿಡಿತ ಕಳೆದುಕೊಂಡಿರುತ್ತದೆ. ಲಿವರ್‌ನ ಲೋಹ ನೇರವಾಗಿ ಒತ್ತಿದ ಜಾಗದಲ್ಲಿ ಚಕ್ಕೆ ಏಳುತ್ತದೆ. ಸಣ್ಣ ಮುಳ್ಳುಗಳ ಬುಡದಲ್ಲಿ ಈ ಗಾಯ ಹೆಚ್ಚು. ಡಯಲ್‌ನ ಕಾಲುಗಳನ್ನು ಹಿಡಿದಿರುವ ಎರಡು ಸ್ಕ್ರೂಗಳು ಮಷೀನಿನ ಪಕ್ಕದಲ್ಲಿವೆ. ಅವನ್ನು ಒಂದೆರಡು ಸುತ್ತು ಸಡಿಲಿಸಿದರೆ ಸಾಕು, ಪೂರ್ತಿ ತೆಗೆಯಬೇಕಿಲ್ಲ. ಡಯಲ್ ಬಾರದಿದ್ದರೆ ಒಂದೇ ಕಡೆಯಿಂದ ಮೀಟಬಾರದು, ಕಾಲು ಬಾಗುತ್ತದೆ ಇಲ್ಲವೇ ಕಿತ್ತುಬರುತ್ತದೆ.

ತೆಗೆದ ಡಯಲ್ ಮುಖ ಮೇಲಾಗಿ ಮುಚ್ಚಳವಿರುವ ಡಬ್ಬಿಗೆ. ಧೂಳಿದ್ದರೆ ರಬ್ಬರ್ ಬುರುಡೆಯ ಗಾಳಿ ಮಾತ್ರ. ನೀರು, ಸ್ಪಿರಿಟ್, ಅಮೋನಿಯಾ ಯಾವುದೂ ತಾಗಬಾರದು. ರಿಪೇರಿಯವರು ಧೂಳೆತ್ತಲು ಬಳಸುವ ಹಸಿರು ರೋಡಿಕೋ ಕೂಡ ಲೇಪಕ್ಕೂ ಅಕ್ಷರಕ್ಕೂ ತಾಗಿದರೆ ಅದನ್ನೇ ಎತ್ತಿಕೊಂಡು ಬರುತ್ತದೆ. ಮುಳ್ಳಿನ ಲೇಪ ಉದುರುತ್ತಿದ್ದರೆ ಹಿಂಬದಿಯಿಂದ ಸೂಜಿಮೊನೆಯಷ್ಟು ಬೈಂಡರ್ (ಅಂಟು) ಹಾಕಿ ಕೂರಿಸಬಹುದು, ಮುಂಬದಿಯ ನೋಟ ಬದಲಾಗುವುದಿಲ್ಲ. ಇದನ್ನು ಕಡೆಗಣಿಸಿದರೆ ಉದುರಿದ ಹರಳು ಮಷೀನಿಗೆ ಬಿದ್ದು ಚಕ್ರದ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಹಳೆಯ ಗಡಿಯಾರ ಕಾರಣ ತಿಳಿಯದೆ ಆಗಾಗ ನಿಲ್ಲುವುದರ ಹಿಂದೆ ಇದೂ ಇರುತ್ತದೆ.

ಮುಚ್ಚಳದ ಮತ್ತು ಪುಶರ್‌ಗಳ ಗ್ಯಾಸ್ಕೆಟ್ ಬದಲಿಸಲೇಬೇಕು. ಗಾಜಿನ ನಟ್ಟನಡುವೆ ಲೂಪ್‌ಗೆ ಮಾತ್ರ ಕಾಣುವಷ್ಟು ಸಣ್ಣ ಒಮೆಗಾ ಚಿಹ್ನೆ ಕೊರೆದಿರುತ್ತದೆ. ಗೀರು ಮಾತ್ರ ಇದ್ದರೆ ಪಾಲಿವಾಚ್ ಎಂಬ ಪಾಲಿಶ್ ಪೇಸ್ಟ್ ಹಚ್ಚಿ ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತದೆ, ಗಾಜು ಬದಲಿಸಬೇಕಿಲ್ಲ. ಬಿರುಕಿದ್ದರೆ ಬದಲಿಸಿ, ಹಳೆಯದನ್ನು ಇಟ್ಟುಕೊಳ್ಳಿ.

ಹೊಸ ಗ್ಯಾಸ್ಕೆಟ್ ಹಾಕಿದ ಮೇಲೂ ಈ ಗಡಿಯಾರಕ್ಕೆ ನೀರು ತೋರಿಸಬಾರದು. ಕೈ ತೊಳೆಯುವಾಗ ತೆಗೆದಿಡುವ ಅಭ್ಯಾಸವೇ ಸಾಕು. ಗಾಜಿನ ಒಳಗೆ ಮಂಜು ಕಟ್ಟಿದರೆ ಅಂದೇ ರಿಪೇರಿಯವರಲ್ಲಿಗೆ ಹೋಗಿ, ಒಂದು ವಾರ ಬಿಟ್ಟರೆ ಉಕ್ಕಿನ ಭಾಗಗಳಿಗೆ ತುಕ್ಕು ಹಿಡಿಯುತ್ತದೆ.

ಇಡುವುದು ಹೇಗೆ

ಇನ್ನಷ್ಟು ಕಂದಾಗಲಿ ಎಂದು ಕಿಟಕಿಯಲ್ಲಿ ಇಡುವವರಿದ್ದಾರೆ. ಬಣ್ಣದ ಜೊತೆ ಪದರವೂ ಒಣಗಿ ಬಿರಿಯುತ್ತದೆ, ಬಿರಿದದ್ದನ್ನು ಕೂಡಿಸುವ ದಾರಿಯಿಲ್ಲ. ಕಾರಿನ ಡ್ಯಾಶ್‌ಬೋರ್ಡ್ ಅದಕ್ಕಿಂತ ಕೆಟ್ಟದ್ದು.

ತೇವಾಂಶ ನೂರಕ್ಕೆ 45ರಿಂದ 55ರ ನಡುವೆ ಇದ್ದರೆ ಚೆನ್ನ. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಮನೆಯೊಳಗಿನ ಗಾಳಿ ಇದಕ್ಕಿಂತ ಬಹಳ ಒದ್ದೆ. ಮುಂಬೈಯಲ್ಲಿರುವವರದ್ದೂ ಇದೇ ಪಾಡು. ಒಂದು ಲೀಟರ್‌ನಷ್ಟು ಗಾತ್ರದ, ಗಾಳಿಯಾಡದ ಡಬ್ಬಿಯಲ್ಲಿ 20ರಿಂದ 30 ಗ್ರಾಂ ಸಿಲಿಕಾ ಜೆಲ್ ಪೊಟ್ಟಣ ಮತ್ತು ತೇವಾಂಶ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ಇಡಿ. ಬಣ್ಣ ಬದಲಿಸುವ ಕಿತ್ತಳೆ ಜೆಲ್ ಕೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇದೆ, ವಿಷ. ಜೆಲ್ ನೀರು ಕುಡಿದು ಬಣ್ಣ ಬದಲಿಸಿದ ಮೇಲೆ ಪೊಟ್ಟಣದಿಂದ ತಟ್ಟೆಗೆ ಸುರಿದು, ಓವನ್‌ನಲ್ಲಿ 110 ಡಿಗ್ರಿಯಲ್ಲಿ ಒಂದೆರಡು ತಾಸು ಇಟ್ಟರೆ ಮತ್ತೆ ಬಳಸಬಹುದು. ಹೈಗ್ರೋಮೀಟರ್ 35ಕ್ಕಿಂತ ಕೆಳಗಿಳಿದರೆ ಜೆಲ್ ಅರ್ಧ ತೆಗೆಯಿರಿ, ತೀರಾ ಒಣಗಿದರೆ ಚರ್ಮದ ಪಟ್ಟಿ ಬಿರಿಯುತ್ತದೆ, ವಾರ್ನಿಷ್‌ಗೂ ಒಳ್ಳೆಯದಲ್ಲ. ರೇಡಿಯಂ ಡಯಲ್‌ಗೆ ಮಾತ್ರ ಈ ಬಿಗಿ ಡಬ್ಬಿ ಬೇಡ: ರೇಡಾನ್ ಅನಿಲ ಒಳಗೇ ಕೂಡಿಕೊಳ್ಳುತ್ತದೆ, ತೆರೆದಾಗ ಮುಖಕ್ಕೇ ಬರುತ್ತದೆ.

ಬೀರುವಿನಲ್ಲಿ ರೇಷ್ಮೆ ಸೀರೆಗಳ ಜೊತೆ ಇಡುವ ಮನೆಗಳಲ್ಲಿ ನುಸಿಗುಳಿಗೆ ಇರುತ್ತದೆ. ನ್ಯಾಫ್ತಲೀನ್ ಆವಿ ಕೆಲವು ಪ್ಲಾಸ್ಟಿಕ್‌ಗೂ ವಾರ್ನಿಷ್‌ಗೂ ಆಗುವುದಿಲ್ಲ; ಗಡಿಯಾರದ ಡಬ್ಬಿಯನ್ನು ಬೇರೆ ಖಾನೆಗೆ ಸರಿಸಿ. ಹದಿನೈದು ದಿನಕ್ಕೊಮ್ಮೆ ಪೂರ್ತಿ ಕೀ ಕೊಟ್ಟು ಒಂದು ದಿನ ಓಡಲು ಬಿಡಿ, ಕ್ರೋನೊಗ್ರಾಫನ್ನೂ ಹತ್ತು ನಿಮಿಷ ಓಡಿಸಿ ಸೊನ್ನೆಗೆ ತನ್ನಿ. ಮುಳ್ಳು 12ಕ್ಕೆ ನೇರವಾಗಿ ಬಾರದೆ ಒಂದು ಗೆರೆ ಆಚೀಚೆ ನಿಂತರೆ ಮುಳ್ಳಿನ ಹಿಡಿತ ಸಡಿಲಾಗಿದೆ. ಅದನ್ನು ಮತ್ತೆ ಕೂರಿಸುವಾಗಲೂ ರಸೀದಿಯ ಮೇಲೆ ಅದೇ ಷರತ್ತುಗಳನ್ನು ಬರೆಸಿ.